ಧಾರೆಯ ಹೊತ್ತಿಗೆ ಕಾಣೆಯಾದ ಫ್ರೇಮ್‌ಗಳು

ಮುಹೂರ್ತ 11 ಗಂಟೆ 20 ನಿಮಿಷಕ್ಕೆ. ಪುರೋಹಿತರ ದನಿ ಏರುತ್ತಿತ್ತು. ವಾಲಗದವರು ಗಟ್ಟಿಮೇಳಕ್ಕೆ ಸಿದ್ಧರಾಗಿ ಪುರೋಹಿತರ ಕೈಯನ್ನೇ ನೋಡುತ್ತಿದ್ದರು. ಮಂಟಪದ ಬಲಗಡೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನನ್ನ ಲ್ಯಾಪ್‌ಟಾಪ್, ಅದರ ಮುಂದೆ ನಾನು. ಮದುಮಗಳ ಅಮ್ಮ ಧಾರೆ ಎರೆಯಲು ಗಿಂಡಿ ಎತ್ತಿದರು. ನನ್ನ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಕೆಳಗಿನ ಮೂಲೆಯಲ್ಲಿದ್ದ ಹಸಿರು ಗುರುತು ಕೆಂಪಾಗಿತ್ತು. ಅದನ್ನು ಮಾತ್ರ ನಾನು ನೋಡಿರಲಿಲ್ಲ.

ಹತ್ತು ನಿಮಿಷದ ನಂತರ ಮದುಮಗಳ ಚಿಕ್ಕಪ್ಪ ಫೋನ್ ಹಿಡಿದುಕೊಂಡು ಬಂದರು. ‘ಅಣ್ಣ ಲೈನಲ್ಲಿದ್ದಾನೆ, ನಿಂಗೆ ಏನೋ ಕೇಳ್ಬೇಕಂತೆ’ ಎಂದರು. ಅಣ್ಣ ಎಂದರೆ ಮದುಮಗಳ ಒಬ್ಬನೇ ಅಣ್ಣ, ಕತಾರ್‌ನಲ್ಲಿ ಕೆಲಸ. ರಜೆ ಸಿಗದೆ ತಂಗಿಯ ಮದುವೆಗೆ ಬರಲಾಗಿರಲಿಲ್ಲ. ಅವನಿಗಾಗಿಯೇ ಅವರ ಮನೆಯವರು ಲೈವ್ ಬೇಕು ಎಂದಿದ್ದರು. ಅಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತು. ಕೆಲಸದ ನಡುವೆ ಪಕ್ಕಕ್ಕೆ ಬಂದು ಮೊಬೈಲಿನಲ್ಲಿ ನೋಡುತ್ತಿದ್ದನಂತೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಮೆಲ್ಲಗೆ ಕೇಳಿದ, ‘ಧಾರೆ ಆಗೋಯ್ತಾ? ಅಮ್ಮ ಗಿಂಡಿ ಎತ್ತಿದ್ದು ಕಾಣ್ತು, ಆಮೇಲೆ ಎಲ್ಲರೂ ಅಕ್ಷತೆ ಹಾಕ್ತಿದ್ರು. ಮಧ್ಯದ್ದು ಬರ್ಲೇ ಇಲ್ಲ.’

ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ‘ರೆಕಾರ್ಡಿಂಗ್ ಇದೆ ಅಣ್ಣ, ಸಂಜೆ ಕಳಿಸ್ತೀನಿ’ ಎಂದೆ.

ರಾತ್ರಿ ಅದನ್ನು ತೆಗೆದು ನೋಡಿದೆ. ಲೈವಿನಂತೆ ಪೂರ್ತಿ ನಿಂತಿರಲಿಲ್ಲ, ಆದರೆ ಧಾರೆಯ ಆ ಎರಡು ನಿಮಿಷ ಕುಂಟುತ್ತಾ, ಜಿಗಿಯುತ್ತಾ ಸಾಗಿತ್ತು. ಗಿಂಡಿಯ ನೀರು ಒಂದು ಕ್ಷಣ ಗಾಳಿಯಲ್ಲಿ ನಿಂತು, ಮುಂದಿನ ಕ್ಷಣ ತಟ್ಟೆಯಲ್ಲಿರುತ್ತಿತ್ತು.

* * *

ಸಾಗರದ ಹತ್ತಿರ ನನ್ನ ಸೋದರಮಾವನದ್ದೊಂದು ಸ್ಟುಡಿಯೊ ಇದೆ. ಫಿಲ್ಮ್ ರೋಲ್ ಕಾಲದಿಂದ ಮದುವೆ ಫೋಟೊ ತೆಗೆಯುತ್ತಾ ಬಂದವರು. ಲೈವ್ ಕೇಳುವವರು ಹೆಚ್ಚಾದ ಮೇಲೆ, ‘ನಮ್ ಹುಡುಗ ಎಂಜಿನಿಯರಿಂಗ್ ಓದ್ತಿದ್ದಾನೆ, ಅವ್ನು ಮಾಡ್ತಾನೆ’ ಎಂದು ಗಿರಾಕಿಗಳಿಗೆ ಹೇಳತೊಡಗಿದರು. ಒಂದು ಲೈವ್‌ಗೆ 3,500 ರೂಪಾಯಿ, ಅದರಲ್ಲಿ ಸಾವಿರ ನನಗೆ. ಹಾಸ್ಟೆಲ್ ಮೆಸ್ ಬಿಲ್‌ಗೆ ಒಳ್ಳೆಯ ಆಸರೆ.

ಆ ದಿನ ಬೆಳಿಗ್ಗೆ ಮಾವನ ಒಂದು ಮೆಮೊರಿ ಕಾರ್ಡ್ ಕೈಕೊಟ್ಟಿತ್ತು. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಕಾರ್ಡ್ ತೆಗೆದು, ಓಡಾಡುವ ಕ್ಯಾಮೆರಾಕ್ಕೆ ಹಾಕಲೋ ಬೇಡವೋ ಎಂದು ಯೋಚಿಸುತ್ತಿದ್ದರು. ನಾನೇ, ‘ಹಾಕಿ ಮಾವ, ಇದು ಹೇಗೂ ಲ್ಯಾಪ್‌ಟಾಪಲ್ಲೇ ರೆಕಾರ್ಡ್ ಆಗ್ತಿದೆ. ಕಾರ್ಡ್ ಯಾಕೆ?’ ಎಂದಿದ್ದೆ. ಓಡಾಡುವ ಕ್ಯಾಮೆರಾದ ಹುಡುಗ ಧಾರೆಯ ಹೊತ್ತಿಗೆ ನೆಂಟರ ಗುಂಪಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದ. ಅಂದರೆ ಧಾರೆಯ ವಿಡಿಯೊ ಇದ್ದದ್ದು ನನ್ನ ಬಳಿ ಮಾತ್ರ.

ಮಾವ ಮಾರನೇ ದಿನ ಹೋಗಿ 3,500 ರೂಪಾಯಿ ಹಿಂದಿರುಗಿಸಿ ಬಂದರು. ನನಗೆ ಬೈಯಲಿಲ್ಲ. ಕ್ಯಾಮೆರಾ ಬ್ಯಾಗಿನ ಜಿಪ್ ಎಳೆಯುತ್ತಾ, ‘ಫೋಟೊ ಹಾಳಾದ್ರೆ ಇನ್ನೊಂದ್ಸಲ ನಿಲ್ಸಿ ತೆಗೀಬಹುದು ಮಾರಾಯ. ಧಾರೆ ಇನ್ನೊಂದ್ಸಲ ಎರೆಸಕ್ಕಾಗತ್ತಾ?’ ಎಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

* * *

ಹಾಸ್ಟೆಲ್‌ಗೆ ಬಂದವನು ಮೊದಲು ಮಾಡಿದ್ದು ತಪ್ಪು ಹೊರಿಸುವ ಕೆಲಸ. ನೆಟ್‌ವರ್ಕ್ ಸರಿಯಿಲ್ಲ, ಲ್ಯಾಪ್‌ಟಾಪ್ ಹಳೆಯದು, ಕೇಬಲ್ ಅಗ್ಗದ್ದು. ಎರಡನೆಯದಾಗಿ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು: ಒಂದೇ ರಾತ್ರಿ ಸಿಕ್ಕ ಸಿಕ್ಕ ಸೆಟ್ಟಿಂಗ್ ಎಲ್ಲ ಬದಲಿಸಿದೆ. ಬೆಳಗಾಗುವಷ್ಟರಲ್ಲಿ ವಿಡಿಯೊ ಇನ್ನಷ್ಟು ಕೆಟ್ಟಿತ್ತು. ಯಾವುದರಿಂದ ಕೆಟ್ಟಿತು ಎನ್ನುವುದೂ ಗೊತ್ತಾಗದ ಹಾಗಾಯಿತು.

ದಾರಿ ತೋರಿಸಿದವರು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್. ಡಿಪ್ಲೊಮಾ ಓದಿದವರು. ಕೆಟ್ಟ ಮಾನಿಟರ್‌ನಿಂದ ಹಿಡಿದು ಕೆಟ್ಟ ಫ್ಯಾನ್‌ವರೆಗೆ ಎಲ್ಲವೂ ಅವರ ಟೇಬಲ್ಲಿಗೇ ಬರುತ್ತವೆ. ನನ್ನ ಪುರಾಣ ಪೂರ್ತಿ ಕೇಳಿ, ‘ಎಷ್ಟು ಫ್ರೇಮ್ ಹೋಗಿದೆ?’ ಎಂದರು.

‘ತುಂಬಾ ಸರ್.’

‘ತುಂಬಾ ಅಂದ್ರೆ ಎಷ್ಟಪ್ಪ? ಮೊದ್ಲು ಎಣಿಸು. ಎಲ್ಲಿ ಹೋಗಿದೆ ನೋಡು. ಆಮೇಲೆ ರಿಪೇರಿ.’

ವಿಡಿಯೊ ಎಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳು, ಅವೇ ಫ್ರೇಮ್‌ಗಳು. ನಮ್ಮ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಕೊಡುತ್ತದೆ, ಎಂದರೆ 40 ಮಿಲಿಸೆಕೆಂಡಿಗೆ ಒಂದು. ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಅಡುಗೆಮನೆಯಿಂದ ಬಕೆಟ್ ಬರಬೇಕು, ಬಡಿಸುವವನ ಕೈಗೆ ಸಿಗಬೇಕು, ಎಲೆಗೆ ಬೀಳಬೇಕು. ಎಲೆಗೆ ಸಾರು ಬೀಳಲಿಲ್ಲ ಎಂದಾಕ್ಷಣ ಅಡುಗೆ ಭಟ್ಟರನ್ನು ಬೈದರೆ ಆಗುವುದಿಲ್ಲ. ಬಕೆಟ್ ತರುವವನು ತಡಮಾಡಿರಬಹುದು, ಬಡಿಸುವವನು ಒಂದು ಎಲೆ ಹಾರಿಸಿರಬಹುದು. ಲೈವ್ ವಿಡಿಯೊದಲ್ಲೂ ಕ್ಯಾಮೆರಾ, ಕೇಬಲ್, ಕ್ಯಾಪ್ಚರ್ ಕಾರ್ಡ್, ಯುಎಸ್‌ಬಿ, ಪ್ರೊಸೆಸರ್, ಡಿಸ್ಕ್, ಇಂಟರ್ನೆಟ್ ಹೀಗೆ ಕೈಯಿಂದ ಕೈಗೆ ಫ್ರೇಮ್ ಸಾಗುತ್ತದೆ. ಇಲ್ಲಿ ಯಾರೂ ‘ಒಂದ್ನಿಮಿಷ ತಡೀರಿ’ ಎನ್ನುವಂತಿಲ್ಲ. ಒಬ್ಬನ ಕೈ ಖಾಲಿಯಿಲ್ಲದಿದ್ದರೆ ಆ ಫ್ರೇಮ್ ಬಿದ್ದು ಹೋಗುತ್ತದೆ. ಮುಂದಿನದು ಆಗಲೇ ಬಂದಿರುತ್ತದೆ.

ನಾನು ಬಳಸುತ್ತಿದ್ದದ್ದು ಒಬಿಎಸ್ ಎಂಬ ಉಚಿತ ಸಾಫ್ಟ್‌ವೇರ್. ಪ್ರತಿ ಬಾರಿ ನಡೆದದ್ದನ್ನೆಲ್ಲ ಅದು ಒಂದು ಲಾಗ್ ಫೈಲ್‌ನಲ್ಲಿ ಬರೆದಿಡುತ್ತದೆ. ಹೆಲ್ಪ್ ಮೆನುವಿನಲ್ಲಿ ಅದು ಸಿಗುತ್ತದೆ. ವರ್ಷದಿಂದ ಬಳಸುತ್ತಿದ್ದ ನಾನು ಒಮ್ಮೆಯೂ ತೆರೆದಿರಲಿಲ್ಲ. ಮದುವೆ ದಿನದ ಲಾಗ್ ಇನ್ನೂ ಇತ್ತು. ಕೊನೆಯ ಸಾಲುಗಳಲ್ಲಿ ಮೂರು ಲೆಕ್ಕ ಬೇರೆಬೇರೆಯಾಗಿ ಇದ್ದವು: ನೆಟ್‌ವರ್ಕ್‌ನಲ್ಲಿ ಬಿದ್ದ ಫ್ರೇಮ್ ನೂರಕ್ಕೆ 27, ಎನ್ಕೋಡಿಂಗ್ ತಡವಾಗಿ ಹಾರಿಹೋದದ್ದು 9, ಚಿತ್ರ ಜೋಡಿಸುವ ಹಂತದಲ್ಲಿ ತಪ್ಪಿದ್ದು ಒಂದಕ್ಕಿಂತ ಕಡಿಮೆ. ನಾನು ‘ಲ್ಯಾಗ್ ಆಯ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಒಂದೇ ರೋಗವಾಗಿರಲಿಲ್ಲ.

* * *

ನೆಟ್‌ವರ್ಕ್‌ನಿಂದ ಶುರುಮಾಡಿದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ 6,000 ಕೆಬಿಪಿಎಸ್ ಬಿಟ್‌ರೇಟ್ ಇಟ್ಟಿದ್ದೆ. ಹಿಂದಿನ ಸಂಜೆ ಛತ್ರದಲ್ಲಿ ವೇಗ ಪರೀಕ್ಷಿಸಿದಾಗ ಧಾರಾಳವಾಗಿ ಸಿಕ್ಕಿತ್ತು. ಆದರೆ ಸಂಜೆ ಛತ್ರ ಖಾಲಿ. ಮುಹೂರ್ತದ ಹೊತ್ತಿಗೆ ನೂರಾರು ನೆಂಟರು, ಅಷ್ಟೇ ಮೊಬೈಲ್‌ಗಳು, ಎಲ್ಲರಿಗೂ ಗುಡ್ಡದ ಮೇಲಿನ ಅದೇ ಟವರ್. ಜನ ಹೆಚ್ಚಾಗುವುದೂ ಧಾರೆಯ ಹೊತ್ತಿಗೇ, ಎಲ್ಲರೂ ಫೋನ್ ಎತ್ತುವುದೂ ಆಗಲೇ. ಕಂಪ್ಯೂಟರ್ ನೆಟ್‌ವರ್ಕ್ಸ್ ಪತ್ರಿಕೆಯಲ್ಲಿ ಕಂಜೆಶನ್ ಬಗ್ಗೆ ಹತ್ತು ಅಂಕದ ಉತ್ತರ ಚಿತ್ರಸಹಿತ ಬರೆದವನು ನಾನು. ಅದೇ ಕಂಜೆಶನ್ ಕಣ್ಣೆದುರು ರೇಷ್ಮೆ ಸೀರೆ ಉಟ್ಟು ಬಂದು ಕೂತಾಗ ಗುರುತು ಹಿಡಿಯಲಿಲ್ಲ.

ಪರಿಹಾರ ಸರಳ. ಲೈವ್ ಅನ್ನು 720ಪಿಗೆ ಇಳಿಸಿ ಬಿಟ್‌ರೇಟ್ 2,500ಕ್ಕೆ ತಂದೆ. ನೆಟ್ ಬಿಗಿಯಾದಾಗ ಬಿಟ್‌ರೇಟ್ ತಾನೇ ತಗ್ಗಿಸಿಕೊಳ್ಳುವ ಆಯ್ಕೆಯೂ ಒಬಿಎಸ್‌ನಲ್ಲಿದೆ, ಅದನ್ನು ಒತ್ತಿದೆ. ಮೊಬೈಲಿನಲ್ಲಿ ನೋಡುವ ಅಣ್ಣನಿಗೆ 1080ಪಿ ಬೇಕಿರಲಿಲ್ಲ, ತಡೆಯಿಲ್ಲದ ಚಿತ್ರ ಬೇಕಿತ್ತು.

ಎರಡನೆಯದು ಎನ್ಕೋಡಿಂಗ್. ಬಂದ ಫ್ರೇಮ್ ಅನ್ನು ಕುಗ್ಗಿಸಿ ಕಳುಹಿಸುವುದು ಪ್ರೊಸೆಸರ್ ಕೆಲಸ. ‘ನಿಧಾನವಾದಷ್ಟೂ ಗುಣಮಟ್ಟ ಹೆಚ್ಚು’ ಎಂದು ಎಲ್ಲೋ ಓದಿ, ಎಕ್ಸ್264 ಎನ್ಕೋಡರ್ ಅನ್ನು ‘ವೆರಿಫಾಸ್ಟ್’ನಿಂದ ‘ಮೀಡಿಯಂ’ಗೆ ಬದಲಿಸಿದ್ದೆ. ಮಾತು ಸುಳ್ಳಲ್ಲ. ಆದರೆ 40 ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಸುವ ಶಕ್ತಿ ನನ್ನ ಲ್ಯಾಪ್‌ಟಾಪ್‌ಗೆ ಇರಲಿಲ್ಲ. ಇಂಟೆಲ್ ಪ್ರೊಸೆಸರ್ ಒಳಗೇ ವಿಡಿಯೊ ಕುಗ್ಗಿಸಲೆಂದು ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗ ಇರುತ್ತದೆ. ಕೆಲಸವನ್ನು ಅದಕ್ಕೆ ವಹಿಸಿದೆ. ಲೆಕ್ಕ ಸೊನ್ನೆಗೆ ಬಂತು. ಖುಷಿಯಿಂದ ರೂಮಿನಲ್ಲಿ ಕುಣಿದೆ.

ಕುಣಿದದ್ದು ಬೇಗವಾಯಿತು. ಆ ಪರೀಕ್ಷೆ ಐದೇ ನಿಮಿಷದ್ದು. ಒಂದು ಗಂಟೆ ಓಡಿಸಿದಾಗ ಇಪ್ಪತ್ತನೇ ನಿಮಿಷದಿಂದ ಮತ್ತೆ ಫ್ರೇಮ್ ಹಾರತೊಡಗಿದವು. ಲ್ಯಾಪ್‌ಟಾಪಿನ ತಳ ಮುಟ್ಟಿದರೆ ಕಾದ ಕಾವಲಿ. ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಹಾಸ್ಟೆಲ್‌ನಲ್ಲಿ ಹಾಸಿಗೆ ಮೇಲೆ, ಛತ್ರದಲ್ಲಿ ಬಟ್ಟೆ ಹೊದಿಸಿದ ಕುರ್ಚಿ ಮೇಲೆ ಇಟ್ಟು ಅದರ ಉಸಿರುಗಟ್ಟಿಸಿದ್ದು ನಾನೇ. ಪೇಂಟಿಂಗ್ ಬ್ರಷ್‌ನಿಂದ ಫ್ಯಾನಿನ ಧೂಳು ತೆಗೆದೆ, ಒಂದು ಮರದ ಹಲಗೆ ಮೇಲೆ ಹಿಂಭಾಗ ಎತ್ತರಿಸಿ ಇಟ್ಟೆ, ಚಾರ್ಜರ್ ಹಾಕಿಯೇ ಓಡಿಸಿದೆ. ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ಇದ್ದರೂ ಪ್ರೊಸೆಸರ್ ನಿಧಾನವಾಗುತ್ತದೆ. ಎರಡು ಗಂಟೆ ಓಡಿಸಿದೆ. ಮೂರೂ ಲೆಕ್ಕ ಸೊನ್ನೆ.

ಆದರೂ ವಿಡಿಯೊ ಕುಂಟುತ್ತಿತ್ತು!

* * *

ಇದು ನನ್ನನ್ನು ಮೂರು ದಿನ ಕಾಡಿತು. ಲೆಕ್ಕವೆಲ್ಲ ಸರಿ, ಕಣ್ಣಿಗೆ ಮಾತ್ರ ತಪ್ಪು. ಲ್ಯಾಬ್ ಸರ್ ಬಳಿ ಮತ್ತೆ ಹೋದೆ. ‘ಅದು ಎಣಿಸೋದು ತನ್ನ ಕೈಗೆ ಬಂದಿದ್ದನ್ನ. ಕೈಗೆ ಬರೋಕೆ ಮುಂಚೆನೇ ಬಿದ್ದಿದ್ದನ್ನ ಯಾರು ಎಣಿಸ್ತಾರೆ?’ ಎಂದರು.

ನಿಜ. ಕ್ಯಾಪ್ಚರ್ ಕಾರ್ಡ್ ಅಥವಾ ಯುಎಸ್‌ಬಿ ಹಂತದಲ್ಲಿ ಫ್ರೇಮ್ ಕಳೆದರೆ ಸಾಫ್ಟ್‌ವೇರ್‌ಗೆ ಅದು ತಿಳಿಯುವುದಿಲ್ಲ. ತನ್ನ ಬಳಿ ಇರುವ ಹಿಂದಿನ ಫ್ರೇಮ್ ಅನ್ನೇ ಇನ್ನೊಮ್ಮೆ ತೋರಿಸಿ ಮುಂದೆ ಹೋಗುತ್ತದೆ. ಲೆಕ್ಕದಲ್ಲಿ ಏನೂ ಕೊರತೆ ಕಾಣದು.

ಎಣಿಸಲು ಒಂದು ಉಪಾಯ ಹೂಡಿದೆ. ಮೊಬೈಲಿನ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾದ ಮುಂದೆ ಇಟ್ಟು ರೆಕಾರ್ಡ್ ಮಾಡಿದೆ. ಆಮೇಲೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ ಹೋದೆ. ಇಂಗ್ಲಿಷಿನ ‘ಇ’ ಅಕ್ಷರ ಒತ್ತಿದರೆ ಒಂದು ಫ್ರೇಮ್ ಸರಿಯುತ್ತದೆ. 25 ಫ್ರೇಮ್ ಲೆಕ್ಕದಲ್ಲಿ ಪ್ರತಿ ಒತ್ತಿಗೆ ಸೆಕೆಂಡಿನ ನೂರನೇ ಭಾಗದ ಅಂಕಿ ಹೆಚ್ಚುಕಡಿಮೆ ನಾಲ್ಕು ನಾಲ್ಕು ಏರಬೇಕು. ಪುಸ್ತಕ ತೆಗೆದು ಬರೆದುಕೊಂಡೆ. ರೂಮ್‌ಮೇಟ್, ‘ಇಂಟರ್ನಲ್ಸ್‌ಗೂ ನೀನು ಇಷ್ಟು ಬರೆದಿಲ್ಲ’ ಎಂದ.

ಬರೆದುಕೊಂಡದ್ದರಲ್ಲಿ ಎರಡು ಬಗೆಯ ದೋಷ ಕಂಡಿತು. ಒಂದು, ಪ್ರತಿ ಆರನೇ ಫ್ರೇಮ್‌ನಲ್ಲಿ ಅಂಕಿ ಬದಲಾಗುತ್ತಲೇ ಇರಲಿಲ್ಲ, ಗಡಿಯಾರದಷ್ಟು ನಿಯಮಿತವಾಗಿ. ಇದು ಕಳೆದುಹೋದ ಫ್ರೇಮ್ ಅಲ್ಲ. ಕ್ಯಾಮೆರಾ 25ರಲ್ಲಿತ್ತು, ಒಬಿಎಸ್ 30ರಲ್ಲಿತ್ತು. ಇಲ್ಲದ ಐದು ಫ್ರೇಮ್ ತುಂಬಲು ಅದು ಸೆಕೆಂಡಿಗೆ ಐದು ಬಾರಿ ಹಳೆಯದನ್ನೇ ಮತ್ತೆ ಬಡಿಸುತ್ತಿತ್ತು. ಒಬಿಎಸ್ ಅನ್ನೂ 25ಕ್ಕೆ ಇಟ್ಟೆ. ಕ್ಯಾಮೆರಾವನ್ನೇ 30ಕ್ಕೆ ಏರಿಸಬಹುದಿತ್ತಲ್ಲ ಎಂದು ಮಾವನನ್ನು ಕೇಳಿದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಛತ್ರದ ದೀಪಗಳು ಆ ಲಯದಲ್ಲೇ ಮಿನುಗುತ್ತವೆ, 25 ಅಥವಾ 50 ಇಟ್ಟರೆ ಚಿತ್ರದಲ್ಲಿ ಬೆಳಕು ಅಲುಗುವುದಿಲ್ಲ ಎಂದು ಅವರೇ ವಿವರಿಸಿದರು. ಎಂಜಿನಿಯರಿಂಗ್ ಓದದ ಮಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಎರಡನೇ ದೋಷ ಅನಿಯಮಿತ. ಒಮ್ಮೊಮ್ಮೆ ಅಂಕಿ ನಿಂತು, ಆಮೇಲೆ ಒಮ್ಮೆಗೇ ಎಂಟು ಜಿಗಿಯುತ್ತಿತ್ತು. ಇದೇ ನಿಜವಾದ ಕಳ್ಳ. ನಿಯಮಿತವಾಗಿ ತಪ್ಪಿದರೆ ಹೊಂದಾಣಿಕೆಯ ದೋಷ, ಅನಿಯಮಿತವಾಗಿ ತಪ್ಪಿದರೆ ಎಲ್ಲೋ ನೂಕುನುಗ್ಗಲು. ಇಷ್ಟು ತಿಳಿಯುವುದಕ್ಕೆ ನನಗೆ ಎರಡು ವಾರ ಬೇಕಾಯಿತು.

ನಮ್ಮ ಕ್ಯಾಪ್ಚರ್ ಕಾರ್ಡ್ ಹೆಸರಿಲ್ಲದ ಅಗ್ಗದ ಮಾಲು. ತುದಿಯ ಪ್ಲಾಸ್ಟಿಕ್ ನೀಲಿ ಬಣ್ಣದ್ದು. ನೀಲಿ ಇದ್ದರೆ ಯುಎಸ್‌ಬಿ 3 ಎಂದು ನಂಬಿದ್ದೆ. ಕಂಪ್ಯೂಟರ್‌ನಲ್ಲಿ ಪರಿಶೀಲಿಸಿದರೆ ಅದು ಯುಎಸ್‌ಬಿ 2 ಎಂದು ಗೊತ್ತಾಯಿತು. ಗುಣಮಟ್ಟ ಹೆಚ್ಚಲಿ ಎಂದು ಕುಗ್ಗಿಸದ ರೂಪ ಆಯ್ದು ನೋಡಿದಾಗ ಸೆಕೆಂಡಿಗೆ ಐದು ಫ್ರೇಮ್ ಬಂತು. ಕಾಗದದ ಮೇಲೆ ಗುಣಾಕಾರ ಮಾಡಿದೆ. ಒಂದು ಫ್ರೇಮ್ 1920 ಗುಣಿಸು 1080, ಎಂದರೆ 20,73,600 ಚುಕ್ಕಿಗಳು. ಚುಕ್ಕಿಗೆ ಎರಡು ಬೈಟ್, ಸೆಕೆಂಡಿಗೆ 25 ಫ್ರೇಮ್. ಒಟ್ಟು ಸುಮಾರು 829 ಮೆಗಾಬಿಟ್. ಯುಎಸ್‌ಬಿ 2ರ ಗರಿಷ್ಠ ವೇಗ ಕಾಗದದ ಮೇಲೆಯೇ 480 ಮೆಗಾಬಿಟ್. ಇದು ಸೆಟ್ಟಿಂಗ್ ಬದಲಿಸಿ ಗೆಲ್ಲುವ ವಿಷಯವಾಗಿರಲಿಲ್ಲ, ಬಸ್ಸಿನಲ್ಲಿ ಸೀಟೇ ಇರಲಿಲ್ಲ. ಇಂಥ ಕಾರ್ಡ್‌ಗಳು 1080ಪಿ ಚಿತ್ರವನ್ನು ತಾವೇ ಎಂಜೆಪಿಇಜಿ ರೂಪಕ್ಕೆ ಕುಗ್ಗಿಸಿ ಕಳಿಸಿದರೆ ಮಾತ್ರ ಪೂರ್ತಿ ಫ್ರೇಮ್ ದಾಟುತ್ತವೆ.

ಎಂಜೆಪಿಇಜಿಗೆ ಮರಳಿ ಬಂದರೂ ಜಿಗಿತ ಪೂರ್ತಿ ಹೋಗಲಿಲ್ಲ. ಆಗ ನನ್ನ ಕಣ್ಣು ಟೇಬಲ್ ಮೇಲಿನ ಯುಎಸ್‌ಬಿ ಹಬ್ ಮೇಲೆ ಬಿತ್ತು. ಹಳೆಯ ಹಬ್. ಅದಕ್ಕೆ ಕ್ಯಾಪ್ಚರ್ ಕಾರ್ಡ್, ಮೌಸ್, ಜೊತೆಗೆ ರೆಕಾರ್ಡಿಂಗ್ ಬರೆಯುತ್ತಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್! ವಿಡಿಯೊ ಒಳಗೆ ಬರುವ ಕಿರುದಾರಿಯಲ್ಲೇ ಅದೇ ವಿಡಿಯೊವನ್ನು ಹೊರಗೂ ಕಳಿಸುತ್ತಿದ್ದೆ. ಈ ಬಾರಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆ. ಮೊದಲು ಕಾರ್ಡ್ ಅನ್ನು ಹಬ್‌ನಿಂದ ಬಿಡಿಸಿ ಲ್ಯಾಪ್‌ಟಾಪ್‌ಗೇ ನೇರ ಹಾಕಿದೆ. ಜಿಗಿತ ಬಹುತೇಕ ನಿಂತಿತು. ಆಮೇಲೆ ರೆಕಾರ್ಡಿಂಗ್ ಅನ್ನು ಲ್ಯಾಪ್‌ಟಾಪಿನೊಳಗಿನ ಡಿಸ್ಕ್‌ಗೆ ತಿರುಗಿಸಿದೆ. ಪೂರ್ತಿ ನಿಂತಿತು. ಸ್ಟಾಪ್‌ವಾಚ್ ಅಂಕಿ ನಾಲ್ಕು ನಾಲ್ಕಾಗಿ, ಶಿಸ್ತಾಗಿ ಏರಿತು. ಅವತ್ತು ಕುಣಿಯಲಿಲ್ಲ. ಎರಡು ಗಂಟೆ ಓಡಿಸಿ, ಮತ್ತೆ ಎಣಿಸಿ, ಆಮೇಲೆ ಮಲಗಿದೆ.

* * *

ಕತಾರಿನ ಅಣ್ಣನಿಗೆ ಮಾತ್ರ ಇದರಿಂದ ಏನೂ ಸಿಗಲಿಲ್ಲ. ಬಿದ್ದ ಫ್ರೇಮ್ ಎಲ್ಲೂ ಇರುವುದಿಲ್ಲ, ಯಾವ ಸಾಫ್ಟ್‌ವೇರ್ ಕೂಡ ಅದನ್ನು ಹೆಕ್ಕಿ ತರಲಾರದು. ಮಾವ ಮತ್ತು ನಾನು ಆ ಮನೆಯವರ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿದೆವು. ಕೊನೆಗೆ ಮದುಮಗಳ ಅತ್ತೆಯೊಬ್ಬರ ಮೊಬೈಲಿನಲ್ಲಿ ನಲವತ್ತು ಸೆಕೆಂಡಿನ ಧಾರೆ ಸಿಕ್ಕಿತು. ಅರ್ಧ ಚಿತ್ರಕ್ಕೆ ಯಾರದೋ ಪೇಟ ಅಡ್ಡ, ಆದರೆ ಅಮ್ಮನ ಮುಖ ಸ್ಪಷ್ಟ. ಅದನ್ನು ಮದುವೆ ವಿಡಿಯೊದ ನಡುವೆ ಸೇರಿಸಿ ಕಳಿಸಿದೆವು. ‘ಅಮ್ಮ ಅತ್ತಿದ್ದು ನಂಗೆ ಯಾರೂ ಹೇಳಿರ್ಲಿಲ್ಲ’ ಎಂದು ಅವನು ಬರೆದ. ಅದಕ್ಕೆ ಏನು ಉತ್ತರಿಸಬೇಕೆಂದು ನನಗೆ ತಿಳಿಯಲಿಲ್ಲ.

ಮುಂದಿನ ಮದುವೆಗೆ ಹಿಂದಿನ ಸಂಜೆಯೇ ಹೋಗಿ ಒಂದು ಗಂಟೆ ಓಡಿಸಿ ನೋಡಿದೆ. ಖಾಲಿ ಛತ್ರದಲ್ಲಿ ಸಿಕ್ಕ ವೇಗದ ಅರ್ಧದಷ್ಟನ್ನೂ ನಂಬಲಿಲ್ಲ. ರೆಕಾರ್ಡಿಂಗ್ ಅನ್ನು ಎಂಕೆವಿ ರೂಪದಲ್ಲಿ ಇಟ್ಟೆ, ನಡುವೆ ಕರೆಂಟೋ ಲ್ಯಾಪ್‌ಟಾಪೋ ಕೈಕೊಟ್ಟರೂ ಅಲ್ಲಿಯವರೆಗಿನದ್ದು ಉಳಿಯುತ್ತದೆ. ಆಂಟಿವೈರಸ್‌ನ ನಿಗದಿತ ಸ್ಕ್ಯಾನ್ ಮುಂದೂಡಿದೆ. ಬೆಳಿಗ್ಗೆ ಮಾವ ಬಂದು ಸ್ಟ್ಯಾಂಡಿನ ಕ್ಯಾಮೆರಾಕ್ಕೆ ಹೊಸ ಕಾರ್ಡ್ ಹಾಕಿದರು. ನನ್ನ ಮುಖ ನೋಡಿದರು. ನಾನೇ ರೆಕಾರ್ಡ್ ಬಟನ್ ಒತ್ತಿ, ಕೆಂಪು ದೀಪ ಹೊತ್ತಿದ್ದನ್ನು ತೋರಿಸಿದೆ. ಗಟ್ಟಿಮೇಳ ಮೊಳಗಿದಾಗ ಮಂಟಪದ ಕಡೆ ನೋಡಲಿಲ್ಲ. ಮೂಲೆಯ ಹಸಿರು ಗುರುತನ್ನೇ ನೋಡುತ್ತಿದ್ದೆ. ಅದು ಹಸಿರಾಗಿಯೇ ಇತ್ತು.

ಕಳೆದ ತಿಂಗಳು ಒಂದು ಇಂಟರ್ನ್‌ಶಿಪ್‌ಗೆ ಆನ್‌ಲೈನ್ ಸಂದರ್ಶನ ಇತ್ತು. ‘ನೀವೇ ಬಿಡಿಸಿದ ಒಂದು ಸಮಸ್ಯೆ ಹೇಳಿ’ ಎಂದರು. ರೆಸ್ಯೂಮೆಯಲ್ಲಿ ಬರೆದಿದ್ದ ಮಿನಿ ಪ್ರಾಜೆಕ್ಟ್ ಬಿಟ್ಟು ಈ ಮದುವೆ ಕತೆ ಹೇಳಿದೆ. ಹದಿನೈದು ನಿಮಿಷ ಅದರ ಬಗ್ಗೆಯೇ ಪ್ರಶ್ನೆ. ಕೊನೆಗೆ ಒಬ್ಬರು ಕೇಳಿದರು, ‘ಕೇಬಲ್ ತಪ್ಪಲ್ಲ ಅಂತ ಹೇಗೆ ಗೊತ್ತಾಯ್ತು?’

ನಾನು ಕೇಬಲ್ ಬದಲಿಸಿ ನೋಡಿರಲೇ ಇಲ್ಲ. ಹಾಗೇ ಹೇಳಿದೆ. ಅವರು ನಕ್ಕು ಏನೋ ಬರೆದುಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ. ಆ ರಾತ್ರಿಯೇ ರೂಮ್‌ಮೇಟ್‌ನಿಂದ ಇನ್ನೊಂದು ಎಚ್‌ಡಿಎಂಐ ಕೇಬಲ್ ಕಡ ತಂದು, ಸ್ಟಾಪ್‌ವಾಚ್ ಮುಂದಿಟ್ಟುಕೊಂಡು ಎಣಿಸಲು ಕೂತೆ.